ಚೆಲ್ಲದ ನೀರು

ನನ್ನ ಅಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಈಗ ಯಾರ ಬಾಯಲ್ಲೂ ಇಲ್ಲ. ಬಸ್ ಡಿಪೋದ ಡ್ರೈವರು, ಕಂಡಕ್ಟರುಗಳು ಇಟ್ಟ ಹೆಸರೇ ನಿಂತುಬಿಟ್ಟಿತು: ಸತ್ವಮ್ಮ. ಡಿಪೋದ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಊಟದ ಮನೆ. ಮುಂದೆ ಉದ್ದ ಬೆಂಚುಗಳ ಹಜಾರ, ಅದರ ಹಿಂದೆ ಮೆಸ್ಸಿನ ದೊಡ್ಡ ಒಲೆಗಳು, ಅದಕ್ಕೂ ಹಿಂದೆ ನಾವು ಹುಟ್ಟಿ ಬೆಳೆದ ಎರಡು ಕೋಣೆ ಮತ್ತು ಮನೆಯ ಅಡುಗೆಮನೆ. ಉಣ್ಣಲು ಕೂತವನು ತಟ್ಟೆಯಲ್ಲಿ ಒಂದು ಸಿಪ್ಪೆ ಬಿಟ್ಟರೂ ಸಾಕು, ಸೌಟು ಹಿಡಿದು ಬಂದು ತಲೆಯ ಮೇಲೆ ನಿಲ್ಲುತ್ತಿದ್ದಳು.

"ಸತ್ವ ಇರೋದೇ ಅದರಲ್ಲಿ ಕಣಪ್ಪ. ಅದನ್ನ ಬಿಟ್ಟು ಏನು ತಿಂದೆ ನೀನು? ತಿಂದು ಏಳು."

ಹೇಳಿಸಿಕೊಂಡವನು ಮೀಸೆ ಹೊತ್ತ ಡ್ರೈವರಾದರೇನು, ತಿಂದೇ ಏಳುತ್ತಿದ್ದ. ತಿನ್ನದೆ ಎದ್ದರೆ ಮರುದಿನ ಅವನಿಗೆ ಅಲ್ಲಿ ಊಟವಿಲ್ಲ.

ಅವಳ ಒಲೆಗೆ ಪಾಲಿಶ್ ಮಾಡಿದ ಅಕ್ಕಿ ಏರುತ್ತಿರಲಿಲ್ಲ. ಹಿಟ್ಟಿಗೆ ಜರಡಿ ಮುಟ್ಟಿಸುತ್ತಿರಲಿಲ್ಲ. ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಮೂಗು ತೋರಿಸಿದ ಮೇಲೆಯೇ ಬೇಯಿಸಬೇಕು. ಗೆಡ್ಡೆಯನ್ನು ಉಜ್ಜಿ ತೊಳೆಯಬೇಕೇ ಹೊರತು ಹೆರೆಯಬಾರದು. ಇದೆಲ್ಲ ಅವಳ ಅಜ್ಜಿಯಿಂದ ಬಂದದ್ದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು: ತರಕಾರಿ ಬೇಯಿಸಿದ ನೀರನ್ನು ಚೆಲ್ಲಬಾರದು. ಸೊಪ್ಪಿನದಾಗಲಿ, ಗೆಡ್ಡೆಯದಾಗಲಿ, ಕಾಳಿನದಾಗಲಿ, ಬಸಿದ ನೀರು ಯಾರದಾದರೂ ಹೊಟ್ಟೆಗೆ ಹೋಗಬೇಕು. ನಮ್ಮ ಮನೆಯ ಅಡುಗೆಮನೆಯ ಮೂಲೆಯಲ್ಲಿದ್ದ ಮೋರಿ ಸದಾ ಒಣಗಿಕೊಂಡೇ ಇರುತ್ತಿತ್ತು. ಪಾತ್ರೆ ತೊಳೆಯುವುದು ಹೊರಗಿನ ಕಲ್ಲಿನ ಮೇಲೆ, ಒಳಗೆ ಚೆಲ್ಲುವುದಕ್ಕೆ ಏನೂ ಇಲ್ಲ. "ನನ್ನ ಮೋರೀಲಿ ಇರುವೆ ಸಂಸಾರ ಮಾಡುತ್ತೆ, ಬಂದು ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ನಿಜವಾಗಿಯೂ ಅಲ್ಲಿ ಕೆಂಪಿರುವೆಗಳು ಸಾಲುಗಟ್ಟಿ ಓಡಾಡುತ್ತಿದ್ದವು.

ಆ ನೀರು ಹೋಗುತ್ತಿದ್ದದ್ದು ನನ್ನ ಮತ್ತು ನನ್ನ ತಮ್ಮನ ಹೊಟ್ಟೆಗೆ. ಬೆಳಗ್ಗೆ ಎದ್ದರೆ ಒಂದೊಂದು ಲೋಟ. ಹಾಗಲಕಾಯಿಯ ದಿನ ನಾನು ಮೂಗು ಹಿಡಿದುಕೊಂಡು ಅಳುತ್ತಾ ಕುಡಿಯುತ್ತಿದ್ದೆ. ಕುಡಿದಾದ ಮೇಲೆ ಅಮ್ಮ ಅಂಗೈ ಚಾಚುತ್ತಿದ್ದಳು.

"ಬೋರಲು ಹಾಕಿ ತೋರ್ಸು."

ಲೋಟವನ್ನು ಅವಳ ಅಂಗೈ ಮೇಲೆ ಬೋರಲು ಹಾಕಬೇಕು. ಒಂದು ಹನಿ ಬಿದ್ದರೆ ಇನ್ನೊಂದು ಲೋಟ. ನಾನು ಎಷ್ಟೋ ಸಲ ಎರಡನೆಯ ಲೋಟ ಕುಡಿದು ವಾಂತಿ ಮಾಡಿಕೊಂಡಿದ್ದೇನೆ. ತಮ್ಮ ಜಾಣ. ಗಟಗಟ ಕುಡಿದು, ನಾಲಿಗೆಯಲ್ಲಿ ಲೋಟದ ಅಂಚು ಒರೆಸಿ, ಅವಳ ಅಂಗೈ ಮೇಲೆ ಟಪ್ಪೆಂದು ಬೋರಲು ಹಾಕುತ್ತಿದ್ದ. "ಇವನು ನನ್ನ ಮಗ" ಎಂದು ಅಮ್ಮ ಅವನ ತಲೆ ನೇವರಿಸುತ್ತಿದ್ದಳು. ನಾನು ಯಾರ ಮಗಳು ಎನ್ನುವುದನ್ನು ಆಗ ಹೇಳುತ್ತಿರಲಿಲ್ಲ.

ಅವಳು ಹೀಗಾದದ್ದಕ್ಕೆ ಕಾರಣವಿದೆ, ಅದನ್ನೂ ಹೇಳಬೇಕು. ನಮ್ಮ ಅಪ್ಪ ಲಾರಿ ಓಡಿಸುತ್ತಿದ್ದ. ದಾರಿಯುದ್ದಕ್ಕೂ ಸಕ್ಕರೆ ಸುರಿದ ಚಹಾ, ಬಿಳಿ ಬನ್ನು, ಕರಿದದ್ದು. ಸಕ್ಕರೆ ಕಾಯಿಲೆ ಬಂತು. ಮೊದಲು ಒಂದು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ಅಪ್ಪನನ್ನು ನಾವು ಒಂದೇ ಸಲ ಕಳಿಸಲಿಲ್ಲ, ತುಂಡು ತುಂಡಾಗಿ ಕಳಿಸಿಕೊಟ್ಟೆವು. ಅವನು ಹೋದ ದಿನ ಅಮ್ಮ ಸಕ್ಕರೆ ಡಬ್ಬಿಯನ್ನು ಎತ್ತಿ ಬೀದಿಗೆ ಎಸೆದಳು. ಅಂದಿನಿಂದ ಬಿಳಿ ಬಣ್ಣದ್ದು ಯಾವುದೂ ನಮ್ಮ ಹೊಸಿಲು ದಾಟಲಿಲ್ಲ.

ಅವಳು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಡಿಪೋದವರು ಹುಳಿತೇಗು, ಮೂಲವ್ಯಾಧಿ, ಬೊಜ್ಜು ಹೊತ್ತುಕೊಂಡು ಬಂದು ಅವಳ ಬೆಂಚಿನ ಮೇಲೆ ಕೂತರೆ ಕೆಲವು ತಿಂಗಳಲ್ಲಿ ಹಗುರಾಗಿ ಓಡಾಡುತ್ತಿದ್ದರು. ನನಗೂ ಈ ವಯಸ್ಸಿಗೆ ಸಕ್ಕರೆ ಇಲ್ಲ, ಹಲ್ಲು ಅಲ್ಲಾಡಿಲ್ಲ, ದಿನವಿಡೀ ಹೊಲಿಗೆ ಮಿಷನ್ ತುಳಿದರೂ ಕಾಲು ನೋಯುವುದಿಲ್ಲ. ಅವಳ ಊಟ ಒಳ್ಳೆಯದು, ನಾಲಿಗೆ ಮಾತ್ರ ಕೆಟ್ಟದ್ದು. ಹೊಗಳಿದ್ದು ಸಾಕು.

ತಮ್ಮ ವಾಚು ರಿಪೇರಿ ಕಲಿತ. ಡಿಪೋದ ಗೇಟಿನ ಪಕ್ಕ ಒಬ್ಬರೇ ಕೂರುವಷ್ಟು ಗೂಡಂಗಡಿ, ಮುಂದೆ ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಅಷ್ಟು ದೊಡ್ಡ ಮೈಯವನು ಅಷ್ಟು ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಇಡುವುದನ್ನು ನೋಡುವುದೇ ಚೆಂದ. ರಿಪೇರಿಯಾದ ವಾಚನ್ನು ತನ್ನ ಕೈಗೆ ಕಟ್ಟಿಕೊಂಡು ಒಂದು ದಿನ ನೋಡಿ, ಸರಿಯಾಗಿ ನಡೆದರೆ ಮಾತ್ರ ಗಿರಾಕಿಗೆ ಕೊಡುತ್ತಿದ್ದ. ಎದುರಿಗೆ ಬೇಕರಿ. ಬೇಕರಿಯ ಕೌಂಟರಿನಲ್ಲಿ ದುಂಡು ಮುಖದ, ಬೆಳ್ಳಗಿನ ಒಬ್ಬ ಹುಡುಗಿ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಊರಲ್ಲಿ ಹುಡುಗೀರಿಗೆ ಬರಗಾಲ ಬಂದಿತ್ತೇನೋ?" ಎಂದು ಅಮ್ಮ ಹಣೆ ಬಡಿದುಕೊಂಡಳು. "ಹೋಗಿ ಹೋಗಿ ಒಂದು ಮೈದಾ ಮೂಟೇನ ಕಟ್ಕೊಂಡು ಬಂದಿದ್ದಾನೆ."

ಆ ಹೆಸರೂ ನಿಂತುಬಿಟ್ಟಿತು. ಮದುವೆಯಾಗಿ ಬಂದ ದಿನ ಅವಳು ಅತ್ತೆಗೆಂದು ಒಂದು ಡಬ್ಬಿ ಬನ್ನು ತಂದಿದ್ದಳು, ಪಾಪ, ತನ್ನ ಕೈಯಾರೆ ಮಾಡಿದ್ದು. ಅಮ್ಮ ಡಬ್ಬಿ ಇಸಿದುಕೊಂಡು ಬಾಗಿಲಿಗೆ ಹೋಗಿ, ಒಂದೊಂದೇ ಬನ್ನನ್ನು ಬೀದಿನಾಯಿಗಳಿಗೆ ಎಸೆದಳು. ನಾಯಿಗಳು ಬಾಲ ಆಡಿಸುತ್ತಾ ತಿಂದವು.

"ಅಯ್ಯೋ ಪಾಪ, ಇನ್ನು ಈ ನಾಯಿಗಳಿಗೂ ಕಾಲು ಕತ್ತರಿಸ್ಬೇಕಾಗುತ್ತೆ" ಎಂದು ಖಾಲಿ ಡಬ್ಬಿಯನ್ನು ಸೊಸೆಯ ಕೈಗಿಟ್ಟಳು. ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈದಾ ನಗಲೂ ಇಲ್ಲ, ಅಳಲೂ ಇಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಒಳಗಿಟ್ಟಳು. ಈ ಹುಡುಗಿ ಮರೆಯುವ ಪೈಕಿಯಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಬೇಕರಿ ಕೆಲಸವನ್ನು ಅವಳು ಬಿಡಲಿಲ್ಲ. ಬೆಳಗಾಗುವ ಮುಂಚೆ ಹೋಗಿ ಮಧ್ಯಾಹ್ನ ಬರುತ್ತಿದ್ದಳು. ಅಮ್ಮ ಅವಳನ್ನು ಮೆಸ್ಸಿನ ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೀಗೇ ಕೆಲವು ವರ್ಷ ಕಳೆಯಿತು. ಮಕ್ಕಳಾಗಲಿಲ್ಲ, ಅದಕ್ಕೂ ಅಮ್ಮ ಮೈದಾ ಹಿಟ್ಟನ್ನೇ ದೂರಿದಳು.

ಒಂದು ಸಂಜೆ ತಮ್ಮ ನನ್ನ ಹೊಲಿಗೆ ಅಂಗಡಿಗೆ ಬಂದು ಕೈ ಚಾಚಿದ. "ಅಕ್ಕ, ಇಲ್ನೋಡು." ಕೈಯಲ್ಲಿದ್ದ ವಾಚನ್ನು ಬಿಚ್ಚಿದ. ಪಟ್ಟಿ ಇದ್ದ ಜಾಗದಲ್ಲಿ ಬೆರಳು ಹೂಳುವಷ್ಟು ಆಳದ ತಗ್ಗು. ಆ ತಗ್ಗು ಹೋಗಲೇ ಇಲ್ಲ. ನಾನು ಒಂದು ಕುಪ್ಪಸದ ತೋಳು ಹೊಲಿದು ಮುಗಿಸಿದರೂ ಹಾಗೇ ಇತ್ತು. ಕಾಲು ಒತ್ತಿ ನೋಡಿದೆ, ಅಲ್ಲೂ ತಗ್ಗು.

ಎರಡೂ ಕಿಡ್ನಿ ಸುಕ್ಕಿಹೋಗಿದ್ದವು. ಬಿ.ಪಿ. ಯಾವ ಕಾಲದಿಂದ ಇತ್ತೋ, ನೋಡಿಸಿಕೊಂಡಿರಲಿಲ್ಲ. ಬಗ್ಗಿ ಕೂತು ಕೂತು ಕತ್ತು ನೋವೆಂದು ಅಂಗಡಿಯಲ್ಲಿ ಮಾತ್ರೆ ಇಟ್ಟುಕೊಂಡು ವರ್ಷಗಟ್ಟಲೆ ನುಂಗಿದ್ದ, ಅಮ್ಮನಿಗೆ ಗೊತ್ತಾಗದ ಹಾಗೆ. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಮಿಷನ್ನಿನಲ್ಲಿ ರಕ್ತ ತೊಳೆಸಿಕೊಂಡು ಬರುವುದು ಶುರುವಾಯಿತು.

ಅಮ್ಮನಿಗೆ ಮಗನ ಕಾಯಿಲೆಯ ಜೊತೆಗೆ ಇನ್ನೊಂದು ಕಾಯಿಲೆ ಹತ್ತಿತು, ಅವಮಾನ. ಅವಳ ಅನ್ನ ಉಂಡವರೇ ಬೆಂಚಿನ ಮೇಲೆ ಕೂತು ಆಡಿಕೊಂಡರು. "ಸತ್ವಮ್ಮನ ಮಗಂಗೇ ಕಿಡ್ನಿ ಹೋಯ್ತಂತಲ್ಲೋ. ನಮ್ಮ ಗತಿ ಏನಪ್ಪಾ? ನಾಳೆಯಿಂದ ನಾನು ಬನ್ನೇ ತಿಂತೀನಿ" ಎಂದ ಒಬ್ಬ ದಡಿಯ ಕಂಡಕ್ಟರು, ಅವಳಿಗೆ ಕೇಳುವ ಹಾಗೆಯೇ. ಬಾಯಿಗೆ ಬಾಯಿ ಕೊಡುತ್ತಿದ್ದ ಹೆಂಗಸು ಆವತ್ತು ಸೌಟು ಇಟ್ಟು ಒಳಗೆ ಹೋದಳು.

ಆಸ್ಪತ್ರೆಯಲ್ಲಿ ಊಟದ ವಿಚಾರ ಹೇಳುವುದಕ್ಕೆಂದೇ ಒಬ್ಬ ಮೇಡಂ ಇದ್ದರು. ನಾವು ನಾಲ್ವರೂ ಹೋಗಿ ಅವರ ಮುಂದೆ ಕೂತೆವು. ಅವರು ಹೇಳುತ್ತಾ ಹೋದ ಹಾಗೆ ಅಮ್ಮನ ಮುಖ ಕಪ್ಪಿಡುತ್ತಾ ಹೋಯಿತು. ಸೊಪ್ಪು ಕಡಿಮೆ ಮಾಡಿ. ಕಾಳು ಕಡಿಮೆ. ಬಾಳೆಹಣ್ಣು ಬೇಡ, ಎಳನೀರಂತೂ ಮುಟ್ಟಲೇಬೇಡಿ. ಪಾಲಿಶ್ ಮಾಡದ ಅಕ್ಕಿ, ತವುಡಿರುವ ಹಿಟ್ಟು ಇವರಿಗೆ ಆಗುವುದಿಲ್ಲ. ಬಿಳಿ ಅಕ್ಕಿ ಕೊಡಿ, ಬಿಳಿ ಬ್ರೆಡ್ಡಾದರೂ ಪರವಾಗಿಲ್ಲ.

ಮೈದಾ ತಲೆ ತಗ್ಗಿಸಿಯೇ ಕೂತಿದ್ದಳು. ಆದರೆ ಅವಳ ತುಟಿಯ ಒಂದು ಕೊನೆ ಮೇಲಕ್ಕೆ ಹೋದದ್ದನ್ನು ನಾನೂ ಕಂಡೆ, ಅಮ್ಮನೂ ಕಂಡಳು.

"ತರಕಾರೀನ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ. ಆ ನೀರನ್ನ ಬಸಿದು ಪೂರ್ತಿ ಚೆಲ್ಲಿಬಿಡಿ" ಎಂದರು ಮೇಡಂ.

ಅಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. "ಚೆಲ್ಲೋದಾ? ಆ ನೀರಲ್ಲಿ ಏನು ಹೋಗುತ್ತೆ ಅಂತ ಗೊತ್ತೇನಮ್ಮಾ ನಿಮಗೆ?"

"ಗೊತ್ತು ಅಜ್ಜಿ. ತರಕಾರೀಲಿರೋ ಪೊಟ್ಯಾಸಿಯಂ ಅಂತ ಒಂದು ಉಪ್ಪಿನಂಶ ನೀರಿಗೆ ಇಳಿಯುತ್ತೆ. ನಮ್ಮ ನಿಮ್ಮಂಥೋರಿಗೆ ಅದು ಬೇಕು, ಒಳ್ಳೇದು. ಇವರ ಕಿಡ್ನಿ ಅದನ್ನ ಹೊರಗೆ ಹಾಕಲ್ಲ. ಒಳಗೇ ಸೇರಿ ಸೇರಿ ಹೃದಯ ನಿಂತುಹೋಗುತ್ತೆ."

ಅಷ್ಟು ಬಿಡಿಸಿ ಹೇಳಿದರು. ಅವರದೇನೂ ತಪ್ಪಿಲ್ಲ. ಆದರೆ ಅಮ್ಮನ ಕಿವಿ ತನಗೆ ಬೇಕಾದಷ್ಟನ್ನೇ ಹಿಡಿದುಕೊಂಡಿತು. ಬಸ್ಸಿನಲ್ಲಿ ಬರುವಾಗ ನನ್ನ ತೊಡೆ ತಟ್ಟಿ ಹೇಳಿದಳು, "ಕೇಳ್ದೆಯಾ? ಸತ್ವ ಎಲ್ಲಾ ನೀರಿಗೆ ಇಳಿಯುತ್ತೆ ಅಂತ ಅವಳೇ ಒಪ್ಕೊಂಡ್ಲು. ಒಪ್ಕೊಂಡು ಚೆಲ್ಲು ಅಂತಾಳೆ! ಓದಿ ಓದಿ ಇವರ ತಲೆ ಕೆಟ್ಟಿದೆ."

"ಅಮ್ಮಾ, ಅವರು ಹೇಳಿದ ಹಾಗೆ ಮಾಡು. ನಿನ್ನ ಬುದ್ಧಿ ಉಪಯೋಗಿಸ್ಬೇಡ" ಎಂದೆ.

"ಹೂಂ ಬಿಡೇ" ಎಂದಳು.

ಮನೆಯಲ್ಲಿ ಈಗ ಮೈದಾ ಆಡಿದ್ದೇ ಆಟ. ಮೊದಲ ಸಲ ಬಿಳಿ ಬ್ರೆಡ್ಡು ಹೊಸಿಲು ದಾಟಿತು. ಅವಳು ಅದನ್ನು ತಟ್ಟೆಯಲ್ಲಿ ಹರಡಿ, ಅತ್ತೆಯ ಕಣ್ಣೆದುರಿಗೇ ಗಂಡನಿಗೆ ತಿನ್ನಿಸಿದಳು. "ಬೇಕರೀದು, ಇವತ್ತಿಂದು. ನಾಯಿಗೆ ಹಾಕ್ಬೇಡಿ ಅತ್ತೆ, ಡಾಕ್ಟ್ರು ಹೇಳಿರೋದು" ಎಂದಳು. ಇನ್ನೊಂದು ದಿನ, ಅಮ್ಮ ಮೊಳಕೆ ಕಟ್ಟಿದ ಕಾಳನ್ನು ಮಗನ ತಟ್ಟೆಗೆ ಹಾಕಲು ಹೋದಾಗ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. "ನಿಮ್ಮ ಸತ್ವಾನೇ ಇವರಿಗೆ ವಿಷ. ಇನ್ನೂ ಅರ್ಥ ಆಗ್ಲಿಲ್ವಾ?"

ತಮ್ಮ ಇಬ್ಬರ ನಡುವೆ ಕೂತು, ಬೆಂದು ಬಣ್ಣಗೆಟ್ಟ ತರಕಾರಿಯನ್ನು ನುಂಗುತ್ತಿದ್ದ. ಕುಡಿಯುವ ನೀರಿಗೂ ಅಳತೆ ಇತ್ತು. ಅವನ ಬಾಯಿ ಸದಾ ಒಣಗಿರುತ್ತಿತ್ತು. ತುಟಿ ಬಿರಿದಿತ್ತು.

ಅಷ್ಟರಲ್ಲಿ ಬೇರೆಯವರ ಕಿಡ್ನಿ ಹಾಕುವ ಮಾತು ಬಂತು. ನನ್ನ ರಕ್ತದ ಗುಂಪು ಹೊಂದಲಿಲ್ಲ, ಅವನ ಹೆಂಡತಿಯದೂ ಹೊಂದಲಿಲ್ಲ. "ನಂದು ನೋಡ್ರಿ" ಎಂದು ಅಮ್ಮ ಮುಂದೆ ಬಂದಳು. ಈ ವಯಸ್ಸಿನ ಮುದುಕಿಯದು ಏನಾಗುತ್ತದೆ ಎಂದುಕೊಂಡರು ಎಲ್ಲರೂ. ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆದವು. ಕೊನೆಗೆ ದೊಡ್ಡ ಡಾಕ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕರು.

"ಏನು ತಿಂತೀರಿ ಅಜ್ಜಿ ನೀವು? ಬಿ.ಪಿ. ಇಲ್ಲ, ಸಕ್ಕರೆ ಇಲ್ಲ. ನಿಮ್ಮ ಕಿಡ್ನಿ ಹರೇದ ಹುಡುಗೀದಿದ್ದ ಹಾಗಿದೆ. ಹೊಂದುತ್ತೆ. ಕೊಡಬಹುದು."

ಅಮ್ಮ ಅಲ್ಲೇ ಕೂತು ಗಳಗಳನೆ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಡಿಪೋದ ಬೆಂಚಿನ ಮುಂದೆ ಹೋಗಿ ನಿಂತು, ಆ ದಡಿಯ ಕಂಡಕ್ಟರನ ಮುಖಕ್ಕೇ ಹೇಳಿದಳು, "ನನ್ನ ಅನ್ನಾನೇ ನನ್ನ ಮಗನ್ನ ಉಳಿಸೋದು, ತಿಳ್ಕೋ." ಮೈದಾ ಅವತ್ತು ಅತ್ತೆಯ ಎರಡೂ ಕೈ ಹಿಡಿದುಕೊಂಡು ಅತ್ತಳು. ಆ ಮನೆಯಲ್ಲಿ ಮೊದಲ ಬಾರಿಗೆ ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

ಆಪರೇಷನ್ನಿಗೆ ದಿನ ಗೊತ್ತಾಯಿತು. "ಅಲ್ಲಿ ತನಕ ಇವರನ್ನ ಹೀಗೇ ಇಟ್ಕೊಳ್ಳಿ. ಊಟ ಒಂದು ಸರಿಯಿದ್ರೆ ಮಿಕ್ಕಿದ್ದು ನಾವು ನೋಡ್ಕೋತೀವಿ" ಎಂದರು ಡಾಕ್ಟರು. ನಮಗೆ ಬೇಕಾಗಿದ್ದದ್ದು ಅಷ್ಟೇ. ಆ ದಿನದವರೆಗೆ ಅವನು ಉಳಿಯಬೇಕಿತ್ತು.

ರಾಜಿಯಾಯಿತಲ್ಲ, ಕೆಲಸವೂ ಹಂಚಿಕೆಯಾಯಿತು. ಮೈದಾ ಬೇಕರಿಗೆ ಹೋಗುವ ಮುಂಚೆ ತರಕಾರಿಯ ಸಿಪ್ಪೆ ತೆಗೆದು, ಹೆಚ್ಚಿ, ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಒಲೆಯ ಮೇಲಿಟ್ಟು ಹೋಗುತ್ತಿದ್ದಳು. ಬೆಂದ ಮೇಲೆ ಬಸಿದು, ನೀರು ಚೆಲ್ಲಿ, ಅವನಿಗೆ ತಟ್ಟೆಗೆ ಹಾಕುವುದು ಅಮ್ಮನ ಪಾಲು. "ನೀರು ಪೂರ್ತಿ ಮೋರಿಗೆ ಚೆಲ್ಲಿ ಅತ್ತೆ" ಎಂದು ಮೈದಾ ದಿನಾ ಹೇಳುತ್ತಿದ್ದಳು. "ಅವನು ನನ್ನ ಮಗ ಕಣೇ. ನನಗಿಂತ ಹೆಚ್ಚು ನಿನಗಾ?" ಎಂದು ಅಮ್ಮ ದಿನಾ ಗದರುತ್ತಿದ್ದಳು. ತನ್ನ ಮೈ ಕೊಯ್ದು ಕೊಡಲು ಹೊರಟವಳನ್ನು ಯಾರು ಅನುಮಾನಿಸುತ್ತಾರೆ?

ಮುಂದಿನ ಸಲ ರಕ್ತ ನೋಡಿದಾಗ ಪೊಟ್ಯಾಸಿಯಂ ಏರಿತ್ತು. ಅದರ ಮುಂದಿನ ಸಲ ಇನ್ನೂ ಏರಿತ್ತು. ಡಾಕ್ಟರು ಸಿಡಿಮಿಡಿಗೊಂಡರು. "ಏನು ತಿನ್ನಿಸ್ತಿದ್ದೀರಿ? ಇವರನ್ನ ಕೊಲ್ಬೇಕು ಅಂತಿದ್ದೀರಾ?"

ಅಮ್ಮ ಆಸ್ಪತ್ರೆಯ ಮೊಗಸಾಲೆಯಲ್ಲೇ ಸೊಸೆಯ ಮೇಲೆ ಬಿದ್ದಳು. "ಬೇಕರಿಯಿಂದ ಏನು ಕದ್ದು ತಂದು ತಿನ್ನಿಸ್ತಿದ್ದೀಯೇ, ಹಾಳಾದೋಳೇ?"

"ಏನೂ ಇಲ್ಲ ಅತ್ತೆ, ನನ್ನಾಣೆ" ಎಂದಳು ಮೈದಾ.

ಅಂದಿನಿಂದ ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯ್ದಳು. ಬೇಕರಿಯ ಕೌಂಟರಿನಿಂದ ಅವನ ಅಂಗಡಿಯನ್ನೇ ನೋಡುತ್ತಿದ್ದಳು, ಯಾರಾದರೂ ಎಳನೀರು ಕೊಟ್ಟಾರೆಂದು. ಅವನ ಜೇಬು ಮೂಸಿದಳು, ಗಾಜಿನ ಪೆಟ್ಟಿಗೆಯ ಕೆಳಗೆ ಹಣ್ಣಿನ ಸಿಪ್ಪೆ ಹುಡುಕಿದಳು. ತರಕಾರಿಯನ್ನು ಇನ್ನೂ ಸಣ್ಣಗೆ ಹೆಚ್ಚಿ, ಇನ್ನೂ ಹೆಚ್ಚು ನೀರಿಟ್ಟಳು. ಅವನು ಸೊರಗುತ್ತಾ ಹೋದ. ಚಿಮಟದಿಂದ ಸ್ಕ್ರೂಗಳು ಜಾರಿ ಬೀಳತೊಡಗಿದವು. "ಕೈಯಲ್ಲಿ ಬಲಾನೇ ಇಲ್ಲ ಅಕ್ಕ" ಎಂದು ನನ್ನೆದುರು ಕೈ ಮಡಿಸಿ ಬಿಚ್ಚಿ ತೋರಿಸಿದ. ಆಪರೇಷನ್ನಿಗೆ ಒಂದು ವಾರವಷ್ಟೇ ಇತ್ತು. ಒಂದು ವಾರ ತಳ್ಳಿಬಿಡು ಸಾಕು ಎಂದು ನಾನು ಅವನ ಬೆನ್ನು ತಟ್ಟಿದೆ.

ಎರಡು ದಿನದ ಮೇಲೆ, ಬೆಳಗ್ಗೆ, ಗಾಜಿನ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಲಗಿದ್ದ. ಭೂತಗನ್ನಡಿ ಕಣ್ಣಿಗೇ ಸಿಕ್ಕಿಕೊಂಡಿತ್ತು. ಎದುರಿನಿಂದ ನೋಡಿದ ಮೈದಾ ತೂಕಡಿಸುತ್ತಿದ್ದಾನೆ ಎಂದುಕೊಂಡು ನಕ್ಕಳಂತೆ. ಗಿರಾಕಿಯೊಬ್ಬ ಅಲುಗಾಡಿಸಿ ಕೂಗಿಕೊಂಡಾಗ ಕೈಯಲ್ಲಿದ್ದ ಬ್ರೆಡ್ಡು ಬಿಸಾಡಿ ಓಡಿದಳು. ಪೊಟ್ಯಾಸಿಯಂ ಏರಿ ಹೃದಯ ನಿಂತಿದೆ ಎಂದರು ಆಸ್ಪತ್ರೆಯವರು. ಅವನ ಕೈಯಲ್ಲಿ ಯಾರದೋ ವಾಚು ಕಟ್ಟಿತ್ತು. ಅದು ಸರಿಯಾಗಿಯೇ ನಡೆಯುತ್ತಿತ್ತು.

ಮಣ್ಣು ಮಾಡಿ ಬಂದ ಮರುದಿನ ಮನೆಯಲ್ಲಿ ಒಲೆ ಹತ್ತಿಸಿರಲಿಲ್ಲ. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ನಾನು ಮಡಿಸಿದ ಬಟ್ಟೆಗಳನ್ನೇ ಮತ್ತೆ ಮಡಿಸುತ್ತಿದ್ದೆ. ಮೈದಾ ಮುಖ ತೊಳೆದ ಬೋಗುಣಿಯ ನೀರನ್ನು, ಹೊರಗೆ ಹೋಗುವ ತ್ರಾಣವಿಲ್ಲದೆ, ಅಡುಗೆಮನೆಯ ಮೂಲೆಯ ಮೋರಿಗೇ ಸುರಿದಳು.

ಸುರಿದವಳು ಅಲ್ಲಿಂದ ಕದಲಲಿಲ್ಲ. ಹೋಗಿ ನೋಡಿದೆ. ಮೋರಿಯ ತೂತಿನಿಂದ ಕೆಂಪಿರುವೆಗಳು ಉಕ್ಕಿ ಬರುತ್ತಿದ್ದವು. ಬಾಯಲ್ಲಿ ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು, ಸಾವಿರಾರು, ಗೋಡೆ ಹತ್ತಿ ಓಡುತ್ತಿದ್ದವು.

"ಅಕ್ಕ" ಎಂದಳು ಮೈದಾ, ತಣ್ಣಗೆ. "ದಿನಾ ಕುದಿಯೋ ನೀರು ಬೀಳೋ ಮೋರೀಲಿ ಇರುವೆ ಮೊಟ್ಟೆ ಇಡುತ್ತಾ?"

ಅವಳು ಬೋಗುಣಿ ಹಿಡಿದುಕೊಂಡೇ ಅಮ್ಮನ ಮುಂದೆ ಹೋಗಿ ಕೂತಳು.

"ಅತ್ತೆ, ಬಸಿದ ನೀರನ್ನ ಏನು ಮಾಡ್ತಿದ್ರಿ?"

ಅಮ್ಮ ತಲೆಯೆತ್ತಿದಳು. ಅವಳ ಮುಖದಲ್ಲಿ ಅಳುಕೇ ಇರಲಿಲ್ಲ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಅಷ್ಟು ದುಃಖದಲ್ಲೂ ಒಂದು ಹೆಮ್ಮೆ ಇತ್ತು.

"ನೀನು ನನ್ನ ಮಗನಿಗೆ ಬರೀ ಚರಟ ತಿನ್ನಿಸ್ತಿದ್ದೆಯಲ್ಲೇ. ಆಪರೇಷನ್ನಿಗೆ ಮೈಯಲ್ಲಿ ಕಸುವು ಬೇಡ್ವಾ? ನೀನು ಕೆಲಸಕ್ಕೆ ಹೋದ ಮೇಲೆ ಕೊಡ್ತಿದ್ದೆ. ಮೆಣಸು ಜೀರಿಗೆ ಹಾಕಿ ಕಷಾಯ ಅಂತ ಹೇಳ್ತಿದ್ದೆ. ನಿನ್ನ ಹತ್ರ ಬಾಯಿ ಬಿಡ್ಬೇಡ ಅಂದಿದ್ದೆ."

"ಅಷ್ಟು ನೀರನ್ನಾ?" ಎಂದೆ ನಾನು. "ನೀರು ಜಾಸ್ತಿ ಕೊಡಬೇಡಿ ಅಂದಿದ್ರಲ್ಲಮ್ಮಾ ಡಾಕ್ಟ್ರು!"

"ನನಗೆ ಅಷ್ಟೂ ಗೊತ್ತಾಗಲ್ವಾ? ಅದಕ್ಕೇ ಬತ್ತಿಸ್ತಿದ್ದೆ. ಪಾತ್ರೆ ನೀರನ್ನೂ ಒಂದೇ ಲೋಟಕ್ಕೆ ಇಳಿಸ್ತಿದ್ದೆ. ಅವನು ಸೊರಗ್ತಾ ಬಂದ ಹಾಗೆ ಇನ್ನೂ ಗಟ್ಟಿ ಮಾಡಿದೆ. ಬಾಯಾರಿರ್ತಿದ್ದ, ಪಾಪ. ಗಟಗಟ ಕುಡಿದು ಬೋರಲು ಹಾಕಿ ತೋರಿಸ್ತಿದ್ದ ಕಂದ, ಚಿಕ್ಕೋನಿದ್ದಾಗ ತೋರಿಸ್ತಿದ್ನಲ್ಲ, ಹಾಗೇ. ಹೋದ ದಿನವೂ ಕುಡಿದೇ ಹೋದ. ಒಂದು ಹನಿ ಬಿಟ್ಟಿರ್ಲಿಲ್ಲ."

ಮೈದಾ ಬೋಗುಣಿಯನ್ನು ನೆಲದ ಮೇಲಿಟ್ಟಳು. ಒಂದೊಂದೇ ಮಾತನ್ನು, ಮಗುವಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದಳು. "ಅತ್ತೆ, ನಾನು ತರಕಾರಿಯಿಂದ ತೆಗೀತಿದ್ದ ವಿಷ ಅದು. ನೀವು ಅದನ್ನ ಕಾಯಿಸಿ, ಗಟ್ಟಿ ಮಾಡಿ, ಒಟ್ಟಿಗೆ ಕುಡಿಸಿದ್ರಿ. ಅವರ ಎದೆ ನಿಲ್ಲಿಸಿದ್ದು ಅದೇ. ನೀವೇ ಕೊಂದ್ರಿ."

ಅಮ್ಮ ನನ್ನ ಕಡೆ ನೋಡಿದಳು. ಸುಳ್ಳಾದರೂ ಹೇಳು ಎಂದು ಆ ಕಣ್ಣು ಬೇಡುತ್ತಿತ್ತು. ನಾನು ಬಟ್ಟೆಯ ರಾಶಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವಳು ತನ್ನ ಅಂಗೈಯನ್ನು ಬಿಚ್ಚಿ ನೋಡಿಕೊಂಡಳು, ಆಮೇಲೆ ಸೀರೆಗೆ ಉಜ್ಜಿದಳು, ಮತ್ತೆ ನೋಡಿಕೊಂಡಳು.

"ನಿಮ್ಮ ಕಿಡ್ನಿ ನಿಮ್ಮತ್ರಾನೇ ಉಳೀತಲ್ಲ" ಎಂದು ಮೈದಾ ಎದ್ದಳು. "ಜೋಪಾನವಾಗಿ ಇಟ್ಕೊಳ್ಳಿ."

ಅವಳು ತವರಿಗೆ ಹೋಗುತ್ತಾಳೆ ಎಂದುಕೊಂಡೆವು. ಹೋಗಲಿಲ್ಲ. ಅಮ್ಮ ಅನ್ನ ಬಿಟ್ಟು ಮಲಗಿದಳು, ಸಾಯಲಿಕ್ಕೆ. ಅದಕ್ಕೂ ಮೈದಾ ಬಿಡಲಿಲ್ಲ. ದವಡೆ ಹಿಡಿದು ಬಾಯಿ ತೆರೆಸಿ ಗಂಜಿ ಹೊಯ್ದಳು, ತವುಡು ಸಮೇತದ ಅಕ್ಕಿಯ ಗಂಜಿ. ಬೇಕರಿ ಬಿಟ್ಟು ಊಟದ ಮನೆಯನ್ನು ತಾನೇ ಹಿಡಿದಳು. ಜರಡಿ ಮುಟ್ಟದ ಹಿಟ್ಟು, ಮೊಳಕೆಯ ಕಾಳು, ಹೆರೆಯದ ಗೆಡ್ಡೆ, ಎಲ್ಲ ಅಮ್ಮನ ಕಟ್ಟಳೆಯಂತೆಯೇ, ಕೂದಲೆಳೆ ಆಚೀಚೆ ಇಲ್ಲದೆ. "ಸತ್ವಮ್ಮನ ಕೈ ಸೊಸೆಗೆ ಬಂದಿದೆ" ಎಂದು ಡಿಪೋದವರು ಬೆರಳು ಚೀಪುತ್ತಾರೆ. ಎಂಥ ಒಳ್ಳೆಯ ಸೊಸೆ, ಅತ್ತೆಯನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂದು ಗಲ್ಲಿಯ ಹೆಂಗಸರು ತಮ್ಮ ಸೊಸೆಯರಿಗೆ ತೋರಿಸುತ್ತಾರೆ.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಹಲ್ಲು ಬಿದ್ದಿಲ್ಲ, ಕಣ್ಣು ಮಂಜಾಗಿಲ್ಲ. ಒಂದು ನೆಗಡಿ ಕೂಡ ಹತ್ತಿರ ಸುಳಿಯುವುದಿಲ್ಲ. ಅವಳ ವಾರಗೆಯವರೆಲ್ಲ ಯಾವಾಗಲೋ ಹೋದರು. ಡಿಪೋದಲ್ಲಿ ತಪಾಸಣೆಗೆ ಬಂದಿದ್ದ ಡಾಕ್ಟರು ಅವಳ ನಾಡಿ ಹಿಡಿದು, "ಇನ್ನೂ ಬಹಳ ವರ್ಷ ಇರ್ತೀರಿ ಅಜ್ಜಿ" ಎಂದಾಗ, ಪಕ್ಕದಲ್ಲಿದ್ದ ಮೈದಾ, "ಇರ್ಲಿ ಡಾಕ್ಟ್ರೇ, ನಾನಿದ್ದೀನಲ್ಲ" ಎಂದಳು.

ಮೊನ್ನೆ ನಾನು ಹೋದಾಗ ಅಮ್ಮ ಬಾಗಿಲ ಹತ್ತಿರವೇ ಕಾದು ನಿಂತಿದ್ದಳು. ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು. "ಬನ್ನು ತಂದೆಯೇನೇ?" ಹಿಂದಿನ ಸಲ ಕೇಳಿದ್ದಳು, ಬಿಳೀದು, ಸಕ್ಕರೆ ಹಾಕಿದ್ದು. ನಿಮ್ಮಪ್ಪ ತಿಂತಿದ್ದಂಥದ್ದು ಎಂದಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ. ಚೀಲದಿಂದ ತೆಗೆದುಕೊಟ್ಟೆ. ಗೋಡೆಯ ಕಡೆ ತಿರುಗಿ, ಗಬಗಬ ಕಚ್ಚಿದಳು.

ಮೈದಾ ಒಳಗಿನಿಂದ ಬಂದಳು. ಅತ್ತೆಯ ಕೈಯಿಂದ ಬನ್ನು ಕಿತ್ತುಕೊಂಡು, ಬಾಗಿಲಿಗೆ ಹೋಗಿ, ಬೀದಿನಾಯಿಗೆ ಎಸೆದಳು. ನಾಯಿ ಬಾಲ ಆಡಿಸುತ್ತಾ ತಿಂದಿತು. ಆಮೇಲೆ ಒಳಗೆ ಹೋಗಿ ಲೋಟ ತಂದಳು. ಸೊಪ್ಪು ಬಸಿದು ಬತ್ತಿಸಿದ ನೀರು, ಕಡುಹಸಿರು, ಹಬೆಯಾಡುತ್ತಿತ್ತು. ಮೇಲೆ ಮೆಣಸು ಜೀರಿಗೆ ತೇಲುತ್ತಿತ್ತು.

"ಕುಡೀರಿ ಅತ್ತೆ. ಸತ್ವ ಇರೋದೇ ಇದರಲ್ಲಿ."

"ಬಿಡೇ ಅವಳನ್ನ, ಸಾಕು ಮಾಡು" ಎಂದು ಹೇಳಬೇಕೆಂದು ನನ್ನ ಬಾಯಿ ತೆರೆಯಿತು. ತಮ್ಮ ಹೋದ ದಿನ ಅವನ ಕೈಯಲ್ಲಿದ್ದ ವಾಚು ಮೈದಾಳ ಕೈಯಲ್ಲಿ ಕಟ್ಟಿತ್ತು, ಗಂಡಸರ ದೊಡ್ಡ ವಾಚು, ಮಣಿಕಟ್ಟಿನಲ್ಲಿ ಸಡಿಲವಾಗಿ ತಿರುಗುತ್ತಿತ್ತು. ನನ್ನ ಬಾಯಿ ಮುಚ್ಚಿಕೊಂಡಿತು.

ಅಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದಳು. ಮೈದಾ ಅಂಗೈ ಚಾಚಿದಳು. ಅಮ್ಮ ನಾಲಿಗೆಯಲ್ಲಿ ಲೋಟದ ಅಂಚನ್ನು ಒರೆಸಿ, ಆ ಅಂಗೈ ಮೇಲೆ ಬೋರಲು ಹಾಕಿದಳು. ಒಂದು ಹನಿ ಬಿತ್ತು.

ಮೈದಾ ಇನ್ನೊಂದು ಲೋಟ ತರಲು ಒಳಗೆ ಹೋದಳು.